ನೀತಿ ಕಲಿಸುವ ಪೆಟ್ಟಿಗೆ: ಕೊಡಗಿನ ಶಾಲೆಗೆ ಎಷ್ಟು ಉಪಯೋಗ?

ಮೌಲ್ಯ ಶಿಕ್ಷಣದ ಕಿಟ್ ಅಂತ ಶಾಲೆಗಳಿಗೆ ಬರುವ ಪೆಟ್ಟಿಗೆಗಳ ಮೇಲೆ ಹೆಸರು ಬೇರೆ ಬೇರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಗೋಡೆಗೆ ಹಾಕುವ ಪೋಸ್ಟರ್‌ಗಳ ಒಂದು ಕಟ್ಟು, ಮಕ್ಕಳ ಹೆಸರಿನ ಮುಂದೆ ನಕ್ಷತ್ರ ಅಂಟಿಸುವ ಪಟ್ಟಿ, ಕಥೆ ಕಾರ್ಡುಗಳು, ಮಗುವಿಗೊಂದರಂತೆ ಸದ್ಗುಣ ಡೈರಿ, ಶಿಕ್ಷಕರ ಕೈಪಿಡಿ, ಜೊತೆಗೆ ರಟ್ಟಿನ ಕಪಾಟು ಮತ್ತು ತಗಡಿನ ಡಬ್ಬಿ ಇರುವ ‘ಪ್ರಾಮಾಣಿಕತೆಯ ಅಂಗಡಿ’. ಶಾಲೆಯೇ ಕೊಳ್ಳುವುದು ಕಡಿಮೆ. ಹಳೆ ವಿದ್ಯಾರ್ಥಿಗಳೋ ತೋಟದ ಮಾಲೀಕರೋ ಕೊಡುಗೆಯಾಗಿ ಕೊಡುತ್ತಾರೆ, ಫೋಟೋ ತೆಗೆದಾಗುತ್ತದೆ, ಪೆಟ್ಟಿಗೆ ಬೀರುವಿನ ಮೇಲೆ ಹೋಗಿ ಕೂರುತ್ತದೆ.

ಈ ವಿಮರ್ಶೆ 4ರಿಂದ 7ನೇ ತರಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. 1ರಿಂದ 3ರವರೆಗೆ ನಲಿ-ಕಲಿಗೆ (ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕಾ ಕ್ರಮ) ಅದರದೇ ಮೆಟ್ಟಿಲು, ಅದರದೇ ಕಾರ್ಡು ಇವೆ. ಅದರ ಮಧ್ಯೆ ಇದನ್ನು ತುರುಕಿದರೆ ಎರಡೂ ಕೆಡುತ್ತವೆ. ತೀರ್ಪು ಮೊದಲೇ ಹೇಳಿಬಿಡುವುದಾದರೆ: ಅಂಗಡಿ ಮತ್ತು ಕಥೆ ಕಾರ್ಡುಗಳು ಬಳಸಲು ಯೋಗ್ಯ, ಎರಡಕ್ಕೂ ಸ್ವಲ್ಪ ರಿಪೇರಿ ಬೇಕು. ನಕ್ಷತ್ರದ ಪಟ್ಟಿಯನ್ನು ಗೋಡೆಗೆ ಹಾಕಲೇಬಾರದು. ಉಳಿದದ್ದು ಇದ್ದರೂ ಆದೀತು, ಇಲ್ಲದಿದ್ದರೂ ಆದೀತು.

ನಕ್ಷತ್ರದ ಪಟ್ಟಿಯಿಂದಲೇ ಶುರು ಮಾಡೋಣ, ಯಾಕೆಂದರೆ ಪೆಟ್ಟಿಗೆ ತೆರೆದ ಕೂಡಲೇ ಎಲ್ಲರೂ ಹೊರತೆಗೆಯುವುದು ಇದನ್ನೇ. ಎಡಕ್ಕೆ ಹೆಸರುಗಳು, ಮೇಲೆ ಸ್ವಚ್ಛತೆ, ಸಮಯಪಾಲನೆ, ಸತ್ಯ, ವಿನಯ ಎಂಬ ಕಾಲಂಗಳು. ವಾರಕ್ಕೊಮ್ಮೆ ಬಂಗಾರದ ಬಣ್ಣದ ಸ್ಟಿಕ್ಕರ್. ನೋಡಲು ಚೆಂದ. ಆದರೆ ಜುಲೈ ತಿಂಗಳಲ್ಲಿ ಲೈನ್ ಮನೆಯಲ್ಲಿ (ತೋಟದ ಕಾರ್ಮಿಕರ ಸಾಲುಮನೆ) ಯೂನಿಫಾರ್ಮ್ ಒಣಗುವುದು ಒಲೆಯ ಮೇಲಿನ ಹೊಗೆಯಲ್ಲಿ. ಆ ಬಿಳಿ ಅಂಗಿ ಸೋಮವಾರ ಬೂದು ಬಣ್ಣಕ್ಕೆ ತಿರುಗಿ, ಹೊಗೆ ವಾಸನೆ ಹೊತ್ತುಕೊಂಡೇ ಶಾಲೆಗೆ ಬರುತ್ತದೆ. ತಿತಿಮತಿ, ಮಾಲ್ದಾರೆ, ಸಿದ್ದಾಪುರದ ಕಡೆ ತೋಟದ ದಾರಿಯಲ್ಲಿ ಆನೆ ನಿಂತಿದ್ದರೆ ಮಕ್ಕಳು ದೊಡ್ಡವರು ಬರುವವರೆಗೆ ಕಾಯಲೇಬೇಕು, ಪ್ರಾರ್ಥನೆ ಮುಗಿದಿರುತ್ತದೆ. ಪಟ್ಟಿಯಲ್ಲಿ ಈ ಮಗುವಿಗೆ ಎರಡು ಖಾಲಿ ಚೌಕ. ವ್ಯಾನಿನಲ್ಲಿ ಬರುವ, ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಇರುವ ಮಗುವಿಗೆ ಎರಡು ನಕ್ಷತ್ರ. ಮೂರು ತಿಂಗಳಾದ ಮೇಲೆ ಆ ಪಟ್ಟಿ ನೋಡಿದರೆ ಯಾರ ಮನೆ ಎಲ್ಲಿದೆ ಎಂದು ಹೇಳಬಹುದು, ಯಾರ ಗುಣ ಎಂಥದ್ದು ಎಂದು ಹೇಳಲಾಗದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತದ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಎಲ್ಲರೂ ನೋಡುವ ಗೋಡೆಯ ಮೇಲೆ ಒಂದು ಮಗುವಿನ ಸಾಲು ವರ್ಷವಿಡೀ ಖಾಲಿ ಇಡುವುದು ಆ ಗೆರೆಗೆ ಬಹಳ ಹತ್ತಿರದ ಕೆಲಸ.

ಸ್ಟಿಕ್ಕರ್‌ಗೆ ಇನ್ನೊಂದು ದೋಷವಿದೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು, ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ‘ಬಿಡಿಸಿದರೆ ಬಹುಮಾನ’ ಎಂದು ಮುಂಚೆಯೇ ಹೇಳಿ ಬಿಡಿಸಿದರು. ಒಂದೆರಡು ವಾರದ ಮೇಲೆ, ಬಹುಮಾನದ ಮಾತಿಲ್ಲದಾಗ, ಆ ಮಕ್ಕಳು ಮಾತ್ರ ಚಿತ್ರದ ಕಡೆ ಕಡಿಮೆ ಹೋದರು. ಹೇಳದೆ ಅನಿರೀಕ್ಷಿತವಾಗಿ ಬಹುಮಾನ ಸಿಕ್ಕ ಮಕ್ಕಳಲ್ಲಿ ಆಸೆ ಕುಗ್ಗಲಿಲ್ಲ. ತರಗತಿಗೆ ಇದರ ಅರ್ಥ ಸರಳ. ಮೊದಲೇ ಘೋಷಿಸಿದ ನಕ್ಷತ್ರಕ್ಕಿಂತ, ‘ನಿನ್ನೆ ಅವನಿಗೆ ಜ್ವರ ಅಂತ ನೋಟ್ಸ್ ಬರೆದುಕೊಟ್ಟೆಯಲ್ಲ, ನೋಡಿದೆ’ ಎಂದು ಮಗುವಿನ ಪಕ್ಕ ನಿಂತು ಹೇಳುವ ಮಾತು ಮೇಲು. ಅದಕ್ಕೆ ಪೆಟ್ಟಿಗೆ ಬೇಕಿಲ್ಲ. (ಸಮಯಪಾಲನೆಯ ನಕ್ಷತ್ರ ಅಂಟಿಸುವವರು ಹತ್ತೂವರೆಯ ಬಸ್ಸಿಗೆ ಇಳಿಯುವವರಾದರೆ ಮಕ್ಕಳು ಏನು ಕಲಿಯುತ್ತಾರೆ ಎಂಬುದನ್ನು ಕೈಪಿಡಿ ಹೇಳುವುದಿಲ್ಲ.)

ಕಥೆ ಕಾರ್ಡುಗಳ ವಿಷಯ ಬೇರೆ. ಇವುಗಳಲ್ಲಿ ಕೆಲವು ಒಳ್ಳೆಯವು, ಯಾವುವು ಎಂದು ಆರಿಸುವುದು ಗೊತ್ತಿರಬೇಕು. ಪ್ರತಿ ಕಾರ್ಡಿನ ಕೊನೆಯ ನಾಲ್ಕು ಸಾಲು ಮಾತ್ರ ಓದಿ. ಸುಳ್ಳು ಹೇಳಿದವನಿಗೆ ಶಿಕ್ಷೆ ಆಯಿತು ಎಂದು ಮುಗಿಯುವುದನ್ನು ಒಂದು ಕಡೆ, ನಿಜ ಹೇಳಿದವನನ್ನು ಎದುರಿಗಿದ್ದವರು ಮೆಚ್ಚಿದರು ಎಂದು ಮುಗಿಯುವುದನ್ನು ಇನ್ನೊಂದು ಕಡೆ ಇಡಿ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 3ರಿಂದ 7 ವರ್ಷದ ಮಕ್ಕಳಿಗೆ ಬೇರೆ ಬೇರೆ ಕಥೆ ಹೇಳಿ, ಆಮೇಲೆ, ನೋಡಬೇಡಿ ಎಂದಿದ್ದ ಆಟಿಕೆಯನ್ನು ಕದ್ದು ನೋಡಿದ್ದನ್ನು ಒಪ್ಪಿಕೊಳ್ಳುತ್ತಾರೋ ಎಂದು ಪರೀಕ್ಷಿಸಿದರು. ತೋಳ ಬಂತು ಎಂದು ಸುಳ್ಳು ಕೂಗಿದ ಹುಡುಗನ ಕಥೆ, ಸುಳ್ಳಿಗೆ ಮೂಗು ಬೆಳೆಯುವ ಮರದ ಗೊಂಬೆಯ ಕಥೆ ಏನೂ ಪರಿಣಾಮ ಮಾಡಲಿಲ್ಲ. ಮರ ಕಡಿದದ್ದು ತಾನೇ ಎಂದು ಅಪ್ಪನ ಮುಂದೆ ಒಪ್ಪಿಕೊಂಡು ಮೆಚ್ಚುಗೆ ಪಡೆದ ಬಾಲಕ ಜಾರ್ಜ್ ವಾಷಿಂಗ್ಟನ್ನನ (ಮುಂದೆ ಅಮೆರಿಕದ ಮೊದಲ ಅಧ್ಯಕ್ಷ) ಕಥೆ ಮಾತ್ರ ಮಕ್ಕಳನ್ನು ನಿಜದ ಕಡೆ ತಿರುಗಿಸಿತು. ಅದೇ ಕಥೆಯನ್ನು ಕೆಟ್ಟ ಫಲದಲ್ಲಿ ಮುಗಿಯುವಂತೆ ತಿದ್ದಿ ಹೇಳಿದಾಗ ಆ ಪರಿಣಾಮವೂ ಹೋಯಿತು. ಕಿಟ್‌ಗಳಲ್ಲಿ ಹೆದರಿಸುವ ಕಾರ್ಡುಗಳೇ ಜಾಸ್ತಿ. ಅವನ್ನು ಎಸೆಯಬೇಕಿಲ್ಲ, ಹಿಂಬದಿಯ ಖಾಲಿ ಜಾಗದಲ್ಲಿ ನಿಮ್ಮದೇ ಪ್ರಸಂಗ ಬರೆಯಲು ಬರುತ್ತವೆ.

ಬಳಸುವ ಕ್ರಮವನ್ನು ಕೈಪಿಡಿ ತಪ್ಪಾಗಿ ಹೇಳುತ್ತದೆ: ಪೂರ್ತಿ ಓದಿ, ‘ಇದರಿಂದ ಏನು ಕಲಿತಿರಿ?’ ಎಂದು ಕೇಳಿ. ಹಾಗೆ ಕೇಳಿದರೆ ಇಡೀ ತರಗತಿ ಒಂದೇ ರಾಗದಲ್ಲಿ ‘ಸುಳ್ಳು ಹೇಳಬಾರದು ಸಾರ್’ ಎನ್ನುತ್ತದೆ. ಅಲ್ಲಿಗೆ ಪಾಠ ಸತ್ತಿತು. ಕಥೆಯನ್ನು ಗಂಟು ಬಿದ್ದ ಜಾಗದಲ್ಲೇ ನಿಲ್ಲಿಸಬೇಕು. ಓದಲು 5 ನಿಮಿಷ. ‘ನೀನಾಗಿದ್ದರೆ ಏನು ಮಾಡುತ್ತಿದ್ದೆ, ಯಾಕೆ?’ ಎಂದು ಹೆಸರಿಲ್ಲದ ಚೀಟಿಯಲ್ಲಿ ಬರೆಯಲು 5 ನಿಮಿಷ. ಈ ಬರೆಯುವ ಹಂತ ಬಿಟ್ಟರೆ ಎಲ್ಲರೂ ತರಗತಿಯ ಜಾಣನ ಉತ್ತರವನ್ನೇ ಹೇಳುತ್ತಾರೆ. ಆಮೇಲೆ ಇಬ್ಬಿಬ್ಬರು ಮಾತಾಡಿಕೊಳ್ಳಲು 5 ನಿಮಿಷ, ಎಲ್ಲರೂ ಸೇರಿ 15 ನಿಮಿಷ. ಕೊನೆಗೆ ಕಾರ್ಡಿನ ಮುಕ್ತಾಯ ಓದಿ. ಶಿಕ್ಷಕರ ಅಭಿಪ್ರಾಯ ಎಲ್ಲಕ್ಕಿಂತ ಕೊನೆಗೆ, ಅದೂ ಮಕ್ಕಳು ಕೇಳಿದರೆ.

ಇಬ್ಬಿಬ್ಬರು ಮಾತಾಡುವಾಗ ಮನೆಮಾತಿಗೆ ಅಡ್ಡಿ ಮಾಡಬೇಡಿ. ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ, ತಮಿಳು, ಈಗೀಗ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳ ಮಾತು, ಎಲ್ಲವೂ ಇರುತ್ತವೆ. ಯಾಕೆ ಎಂಬ ಪ್ರಶ್ನೆಗೆ ಉತ್ತರ ಮೊದಲು ಮನೆಮಾತಿನಲ್ಲೇ ಹುಟ್ಟುವುದು. ಕಾರ್ಡುಗಳ ಕನ್ನಡವೂ ಗ್ರಾಂಥಿಕ. ‘ಋಜುತ್ವ’, ‘ಸಚ್ಚಾರಿತ್ರ್ಯ’ ಬಂದಲ್ಲಿ ಪೆನ್ಸಿಲ್‌ನಲ್ಲಿ ಹೊಡೆದು ಆಡುಮಾತು ಬರೆದುಕೊಳ್ಳಿ.

ಖಾಲಿ ಬೆನ್ನಿಗೆ ಬರೆಯಲು ಇಲ್ಲಿಯದೇ ಪ್ರಸಂಗಗಳು ಬೇಕಾದಷ್ಟಿವೆ. ಪಕ್ಕದ ತೋಟದ ಬೇಲಿಯಾಚೆ ಬಳ್ಳಿಯಿಂದ ಉದುರಿದ ಕರಿಮೆಣಸು ರಸ್ತೆಗೆ ಬಂದು ಬಿದ್ದಿದೆ, ಆರಿಸಿ ಮಾರಬಹುದೇ? ಕಾಫಿ ಕುಯ್ಲಿನ ಸಮಯದಲ್ಲಿ ತಮ್ಮನನ್ನು ನೋಡಿಕೊಳ್ಳಲು ಮೂರು ವಾರ ಮನೆಯಲ್ಲಿದ್ದ ಗೆಳತಿ ಪರೀಕ್ಷೆಯಲ್ಲಿ ನಿನ್ನ ಉತ್ತರ ತೋರಿಸು ಎನ್ನುತ್ತಾಳೆ, ತೋರಿಸುತ್ತೀಯಾ? ಬಿಸಿಯೂಟದ ಸಾಲಿನಲ್ಲಿ ಗೆಳೆಯ ಎರಡು ಮೊಟ್ಟೆ ತೆಗೆದುಕೊಂಡದ್ದು ನಿನಗೊಬ್ಬನಿಗೇ ಗೊತ್ತು. ಅವನ ಮನೆಯಲ್ಲಿ ರಾತ್ರಿ ಊಟ ಇರುವುದಿಲ್ಲ ಎಂಬುದೂ ಗೊತ್ತು. ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ಅದನ್ನು 7ನೇ ತರಗತಿಗೆ ಇಟ್ಟುಕೊಳ್ಳಿ. ತರಗತಿಯಲ್ಲೇ ಅಂಥ ಮಗು ಇದ್ದರೆ ಮುಟ್ಟಲೇಬೇಡಿ.

ಮಹಾಪುರುಷರ ಕಾರ್ಡುಗಳಲ್ಲಿ ಭಾರತೀಯ ಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನವರೇ ಆದ ಕಾರ್ಯಪ್ಪ, ತಿಮ್ಮಯ್ಯ ಇದ್ದರೆ ಕೊಡಗಿನಲ್ಲಿ ಮಕ್ಕಳ ಕಣ್ಣು ಅರಳುತ್ತದೆ. ಆದರೆ ಕಾರ್ಡಿನಲ್ಲಿ ಇರುವುದು ‘ಶಿಸ್ತಿನ ಸಿಪಾಯಿ, ಧೀರ, ದೇಶಭಕ್ತ’ ಎಂಬ ವಿಶೇಷಣಗಳು ಮಾತ್ರ. ಗುಣ ಕಾಣುವುದು ಒಂದು ನಿರ್ಧಾರದಲ್ಲಿ. 1965ರ ಯುದ್ಧದಲ್ಲಿ ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನಕ್ಕೆ ಸೆರೆಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಕಾರ್ಯಪ್ಪನವರನ್ನು ಹಿಂದಿನಿಂದ ಬಲ್ಲವರು. ಮಗನಿಗೆ ವಿಶೇಷ ಅನುಕೂಲದ ಮಾತು ಬಂತು. ಇಲ್ಲಿ ಕಥೆ ನಿಲ್ಲಿಸಿ ಚೀಟಿ ಕೊಡಿ. ತರಗತಿ ಎರಡು ಪಾಲಾಗುತ್ತದೆ, ‘ಅಪ್ಪ ಅಂದರೆ ಒಪ್ಪಲೇಬೇಕಲ್ಲ’ ಎಂಬ ವಾದ ಬಲವಾಗಿಯೇ ಬರುತ್ತದೆ. ಬರಲಿ. ಸೆರೆಯಲ್ಲಿದ್ದ ಎಲ್ಲರಿಗೂ ಆಗುವುದೇ ತನ್ನ ಮಗನಿಗೂ ಆಗಲಿ ಎಂದು ಕಾರ್ಯಪ್ಪ ಆ ಅನುಕೂಲ ಬೇಡವೆಂದರು ಎಂಬುದನ್ನು ಆಮೇಲೆ ಹೇಳಿ. ತಿಮ್ಮಯ್ಯನವರದ್ದು ಇನ್ನೂ ಸೂಕ್ಷ್ಮ. 1953ರಲ್ಲಿ ಕೊರಿಯಾ ಯುದ್ಧ ನಿಂತ ಮೇಲೆ, ತಮ್ಮ ದೇಶಕ್ಕೆ ಮರಳಲು ಒಪ್ಪದ 20,000ಕ್ಕೂ ಹೆಚ್ಚು ಕೈದಿಗಳ ವಿಷಯ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರು. ಮನೆಗೆ ಹೋಗಲು ಒಪ್ಪದವನನ್ನು ಬಲವಂತವಾಗಿ ಕಳಿಸಬಹುದೇ? ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯ. ಈ ಪ್ರಶ್ನೆ ಚರ್ಚೆಯಾದ ಮೇಲೆ ಕರೆದುಕೊಂಡು ಹೋದರೆ ಮಕ್ಕಳು ಟ್ಯಾಂಕಿನ ಮುಂದಷ್ಟೇ ನಿಲ್ಲುವುದಿಲ್ಲ.

ಇನ್ನು ಅಂಗಡಿ. ಅಂಗಡಿಯವನಿಲ್ಲದ ಅಂಗಡಿ: ಪೆನ್ಸಿಲ್ ತೆಗೆದುಕೊ, ದುಡ್ಡು ಡಬ್ಬಿಗೆ ಹಾಕು, ಯಾರೂ ನೋಡುವುದಿಲ್ಲ. ಪೆಟ್ಟಿಗೆಯಲ್ಲಿ ಮಗು ನಿಜವಾಗಿ ಏನಾದರೂ ಮಾಡುವ ವಸ್ತು ಇದೊಂದೇ. ಅದಕ್ಕೇ ಇದರ ಕಳಪೆ ತಯಾರಿಕೆ ಬೇಸರ ತರಿಸುತ್ತದೆ.

ರಟ್ಟಿನ ಕಪಾಟು ಕೊಡಗಿನ ಒಂದು ಮಳೆಗಾಲ ದಾಟುವುದಿಲ್ಲ. ಥಂಡಿಗೆ ಮೆತ್ತಗಾಗಿ ಮಧ್ಯದ ತಟ್ಟು ಬಾಗುತ್ತದೆ, ತಗಡಿನ ಡಬ್ಬಿ ತುಕ್ಕು ಹಿಡಿಯುತ್ತದೆ. ಶಾಲೆಯಲ್ಲಿರುವ ಹಳೆ ಮರದ ಶೆಲ್ಫ್, ಮುಚ್ಚಳದ ಎರಡು ಪ್ಲಾಸ್ಟಿಕ್ ಡಬ್ಬಿ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೋಟ್‌ಬುಕ್ ಐದಕ್ಕಿಂತ ಹೆಚ್ಚು ಇಡಬೇಡಿ, ಹಾಳೆ ಬೂಷ್ಟು ಹಿಡಿಯುತ್ತದೆ. ಮಳೆ ರಜೆ ಘೋಷಣೆಯಾದರೆ ಎಷ್ಟು ದಿನ ಎಂದು ಹೇಳಲಾಗದು. ಆದ್ದರಿಂದ ದುಡ್ಡಿನ ಡಬ್ಬಿ ಪ್ರತಿ ಸಂಜೆ ಆಫೀಸಿನ ಬೀರುವಿಗೆ ಹೋಗಲಿ.

ಜಾಗ ಮುಖ್ಯ. ಮುಖ್ಯ ಶಿಕ್ಷಕರ ಕೋಣೆಯ ಬಾಗಿಲಲ್ಲಿ ಇಟ್ಟರೆ ಮಕ್ಕಳು ಪ್ರಾಮಾಣಿಕರಾಗಿರುವುದು ಸಾರ್ ಕಣ್ಣಿಗೆ ಹೆದರಿ. ಹಿತ್ತಲಿನ ಮೂಲೆಯಲ್ಲಿ ಇಟ್ಟರೆ ದೊಡ್ಡ ಹುಡುಗರು ಚಿಕ್ಕವರನ್ನು ಕಳಿಸಿ ತರಿಸುತ್ತಾರೆ. ಎಲ್ಲರೂ ಹಾದುಹೋಗುವ, ಯಾರೂ ಕೂರದ ವರಾಂಡವೇ ಸರಿ. ತಿಂಡಿ ಬೇಡ, ಇರುವೆ, ಜಗಳ ಎರಡೂ ಬರುತ್ತವೆ.

ಬಂಡವಾಳ 500 ರೂಪಾಯಿಯಲ್ಲಿ ಆಗುತ್ತದೆ. 5 ರೂಪಾಯಿಯ ಪೆನ್ಸಿಲ್ 40, 5 ರೂಪಾಯಿಯ ರಬ್ಬರ್ 20, 5 ರೂಪಾಯಿಯ ಮೆಂಡರ್ 10, 30 ರೂಪಾಯಿಯ ನೋಟ್‌ಬುಕ್ 5. ಎಲ್ಲ ಬೆಲೆಯೂ 5ರ ಗುಣಕದಲ್ಲೇ ಇರಲಿ. 3 ರೂಪಾಯಿ, 7 ರೂಪಾಯಿ ಎಂದಿಟ್ಟರೆ ಚಿಲ್ಲರೆಯ ತಲೆನೋವು. ಪೆನ್ಸಿಲ್ಲನ್ನು ಬಾಕ್ಸಿನಲ್ಲಿ ಕೊಂಡರೆ ಬಿಡಿ ಬೆಲೆಗಿಂತ ಸ್ವಲ್ಪ ಅಗ್ಗ. ಆ ಉಳಿತಾಯವೇ ಸಣ್ಣ ಕೊರತೆಯನ್ನು ತುಂಬುತ್ತದೆ.

ಕಿಟ್‌ನ ದೊಡ್ಡ ತಪ್ಪು ಡಬ್ಬಿಯಲ್ಲೇ ಇದೆ. ಸೀಳು ಮಾತ್ರ ಇರುವ, ಬೀಗ ಹಾಕಿದ ಡಬ್ಬಿ. 10 ರೂಪಾಯಿ ನೋಟು ತಂದ ಮಗು 5ರ ಪೆನ್ಸಿಲ್ ಕೊಂಡರೆ ಬಾಕಿ ವಾಪಸ್ ಸಿಗುವ ದಾರಿಯಿಲ್ಲ. ‘ನಾಳೆ ಹಾಕ್ತೀನಿ’ ಎಂದುಕೊಂಡು ಹೋಗುತ್ತದೆ, ಮರೆಯುತ್ತದೆ. ವಾರದ ಕೊನೆಗೆ ಕೊರತೆ ಬಂದಾಗ ಅದು ಕಳ್ಳತನದಂತೆ ಕಾಣುತ್ತದೆ. ಮೊದಲ ವಾರಗಳ ಕೊರತೆಯಲ್ಲಿ ಹೆಚ್ಚಿನ ಪಾಲು ಚಿಲ್ಲರೆಯದೇ. ಬೀಗವಿಲ್ಲದ ಡಬ್ಬಿ ಇಡಿ, ಅದರಲ್ಲಿ ಮೊದಲೇ 50 ರೂಪಾಯಿಯ ಚಿಲ್ಲರೆ ಹಾಕಿಡಿ, ಮಗುವೇ ಬಾಕಿ ತೆಗೆದುಕೊಳ್ಳಲಿ. ನಂಬುತ್ತೇವೆ ಎಂದು ಬೋರ್ಡು ಬರೆದು ಡಬ್ಬಿಗೆ ಬೀಗ ಹಾಕಿದರೆ ಮಕ್ಕಳಿಗೆ ಯಾವುದು ನಿಜ ಎಂದು ತಕ್ಷಣ ತಿಳಿಯುತ್ತದೆ.

ಪಕ್ಕದಲ್ಲಿ ದಾರ ಕಟ್ಟಿದ ಪೆನ್ನಿನ ಜೊತೆ ಒಂದು ಸಾಲದ ಪುಸ್ತಕ: ದಿನಾಂಕ, ಹೆಸರು, ವಸ್ತು, ಮೊತ್ತ, ತೀರಿಸಿದ ದಿನ. ಮಿತಿ 10 ರೂಪಾಯಿ. ಸಾಲ ತೀರಿಸಲು ಶುಕ್ರವಾರದ ಗಡುವು ಇಡಬೇಡಿ. ತೋಟದಲ್ಲಿ ವಾರದ ಬಟವಾಡೆ ಆದ ಮೇಲೆಯೇ ಲೈನ್ ಮನೆಯಲ್ಲಿ ಚಿಲ್ಲರೆ ಓಡಾಡುವುದು. ಸೋಮವಾರ ಸರಿಯಾದ ದಿನ.

ಇದಕ್ಕಿಂತ ಮುಖ್ಯವಾದದ್ದು, ಯಾವ ಕಿಟ್‌ನಲ್ಲೂ ಇಲ್ಲದ್ದು, ಎರಡನೆಯ ಡಬ್ಬಿ. ಅರ್ಧ ಸವೆದ ಪೆನ್ಸಿಲ್, ರಬ್ಬರ್ ತುಂಡು, ಬರೆಯದ ಹಾಳೆಗಳು. ಮೇಲೆ ‘ಬೇಕಾದವರು ತೆಗೆದುಕೊಳ್ಳಿ, ದುಡ್ಡು ಬೇಡ’. ಇದು ಇಲ್ಲದಿದ್ದರೆ ದುಡ್ಡಿಲ್ಲದ ಮಗುವಿಗೆ ಎರಡೇ ದಾರಿ: ಪೆನ್ಸಿಲ್ ಇಲ್ಲದೆ ಕೂತು ಬೈಸಿಕೊಳ್ಳುವುದು ಅಥವಾ ಹಾಗೆಯೇ ತೆಗೆದುಕೊಳ್ಳುವುದು. ಆಗ ಅಂಗಡಿ ಪರೀಕ್ಷಿಸುವುದು ಬಡತನವನ್ನು.

ಲೆಕ್ಕ ಶುಕ್ರವಾರ ಕೊನೆಯ 15 ನಿಮಿಷ, 6-7ನೇ ತರಗತಿಯ ಇಬ್ಬರಿಂದ, ಪ್ರತಿ ವಾರ ಬೇರೆ ಇಬ್ಬರು. ಉದಾಹರಣೆಗೆ: ಪೆನ್ಸಿಲ್ 40ರಲ್ಲಿ 27 ಉಳಿದರೆ 13 ಹೋಗಿವೆ, 65 ರೂಪಾಯಿ. ರಬ್ಬರ್ 4, 20 ರೂಪಾಯಿ. ಮೆಂಡರ್ 2, 10 ರೂಪಾಯಿ. ನೋಟ್‌ಬುಕ್ 2, 60 ರೂಪಾಯಿ. ಬರಬೇಕಾದದ್ದು 155. ಡಬ್ಬಿಯಲ್ಲಿ 190 ಇದೆ. ಚಿಲ್ಲರೆಗೆ ಇಟ್ಟ 50 ಕಳೆದರೆ 140. ಸಾಲದ ಪುಸ್ತಕದಲ್ಲಿ 10. ಒಟ್ಟು 150, ಕೊರತೆ 5. ಬೋರ್ಡಿನ ಮೇಲೆ ಅಷ್ಟನ್ನೇ ಬರೆಯಬೇಕು: ‘ಈ ವಾರ 5 ರೂಪಾಯಿ ಕಡಿಮೆ.’ ಗಣಿತದ ಪಿರಿಯಡ್‌ಗೂ ಇದು ಲಾಭ.

ಕೊರತೆ ಕಂಡಾಗ ಶಿಕ್ಷಕರು ಮಾಡುವುದರ ಮೇಲೆ ಎಲ್ಲ ನಿಂತಿದೆ. ಚೀಲ ಹುಡುಕುವುದು, ‘ಯಾರು ಅಂತ ನನಗೆ ಗೊತ್ತು’ ಎಂದು ಹೆದರಿಸುವುದು, ಎಲ್ಲರಿಂದ ಒಂದೊಂದು ರೂಪಾಯಿ ವಸೂಲಿ ಮಾಡುವುದು, ಈ ಮೂರರಲ್ಲಿ ಯಾವುದು ಮಾಡಿದರೂ ಅಂಗಡಿ ಅಂದೇ ಮುಗಿಯಿತು. ಸಂಶಯ ಯಾವಾಗಲೂ ಒಂದೇ ಕೇರಿಯ, ಒಂದೇ ಬುಡಕಟ್ಟು ಹಾಡಿಯ ಮಕ್ಕಳ ಕಡೆಗೇ ತಿರುಗುತ್ತದೆ. ನೂರಕ್ಕೆ ಐದರೊಳಗಿನ ಕೊರತೆಯನ್ನು ಲೆಕ್ಕದ ತಪ್ಪೆಂದೇ ಬಿಡಿ. ಮೂರು ವಾರ ಸತತ ಏರಿದರೆ ಒಂದು ವಾರ ಮುಚ್ಚಿ, ಮತ್ತೆ ತೆರೆಯುವ ನಿಯಮವನ್ನು ಮಕ್ಕಳೇ ಬರೆಯಲಿ. ಬೀಗ ಬೇಕು, ಕಾವಲು ಬೇಕು ಎಂದು ಮೊದಲು ಕೇಳುತ್ತಾರೆ. ಆಗ ಅದು ಬರೀ ಅಂಗಡಿಯಾಗುತ್ತದಲ್ಲ ಎಂದು ಇನ್ನೊಬ್ಬರು ಹೇಳುವವರೆಗೆ ಕಾಯಿರಿ.

ಲೆಕ್ಕ ಸರಿಬಂದರೆ ‘ಪ್ರಾಮಾಣಿಕ ತರಗತಿ’ ಎಂಬ ಪ್ರಮಾಣಪತ್ರವೂ ಕಿಟ್‌ನಲ್ಲಿದೆ. ಕೊಡಬೇಡಿ. ಹಾರ್ಟ್‌ಶಾರ್ನ್ ಮತ್ತು ಮೇ ಎಂಬ ಸಂಶೋಧಕರು 1920ರ ದಶಕದಲ್ಲಿ ಸಾವಿರಾರು ಅಮೆರಿಕನ್ ಮಕ್ಕಳನ್ನು ಪರೀಕ್ಷಿಸಿ ಕಂಡದ್ದು, ಒಂದು ಸಂದರ್ಭದಲ್ಲಿ ಮೋಸ ಮಾಡದ ಮಗು ಇನ್ನೊಂದರಲ್ಲಿ ಮಾಡಬಹುದು ಎಂಬುದನ್ನೇ. ಡಬ್ಬಿಗೆ ಸರಿಯಾಗಿ ದುಡ್ಡು ಹಾಕಿದ ಹುಡುಗ ಕಿರುಪರೀಕ್ಷೆಯಲ್ಲಿ ಪಕ್ಕಕ್ಕೆ ಕಣ್ಣು ಹಾಯಿಸುವುದು ವಿಚಿತ್ರವೇನಲ್ಲ.

ಸದ್ಗುಣ ಡೈರಿ ಬಗ್ಗೆ ಹೇಳುವುದು ಕಡಿಮೆ. ದಿನಕ್ಕೊಂದು ಒಳ್ಳೆಯ ಕೆಲಸ ಬರೆ, ಪೋಷಕರ ಸಹಿ ಹಾಕಿಸು. ಎರಡನೇ ವಾರಕ್ಕೆ ಎಲ್ಲ ಪುಟದಲ್ಲೂ ‘ಅಮ್ಮನಿಗೆ ಸಹಾಯ ಮಾಡಿದೆ’. ಸಹಿಯೂ ಮಗುವಿನದೇ. ಸತ್ಯದ ಡೈರಿಯಲ್ಲಿ ಸುಳ್ಳು ಬರೆಯುವ ಅಭ್ಯಾಸಕ್ಕೆ ಇಷ್ಟು ಕಾಗದ ಬೇಕಿರಲಿಲ್ಲ. ಪೋಸ್ಟರ್‌ಗಳಿಗೆ ಲ್ಯಾಮಿನೇಷನ್ ಇದೆ, ಅದು ಒಳ್ಳೆಯದು. ಮಳೆಗಾಲದ ಗೋಡೆಯಲ್ಲಿ ಟೇಪ್ ನಿಲ್ಲುವುದಿಲ್ಲ, ಮರದ ರೀಪರ್ ಪಟ್ಟಿಗೆ ಮೊಳೆ ಹೊಡೆದು ದಾರದಲ್ಲಿ ತೂಗುಹಾಕಿ. ಹದಿನೈದು ದಿನಕ್ಕೊಮ್ಮೆ ಬದಲಿಸದಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಕೈಪಿಡಿ 30 ವಾರದ ಯೋಜನೆ ಕೊಡುತ್ತದೆ: ಈ ವಾರ ಸತ್ಯ, ಮುಂದಿನ ವಾರ ದಯೆ. ಒಂದು ತರಗತಿಗೆ ಒಬ್ಬ ಶಿಕ್ಷಕ, 40 ನಿಮಿಷದ ಪಿರಿಯಡ್ ಎಂಬ ಲೆಕ್ಕ. ಇಲ್ಲಿ ಎಷ್ಟೋ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಐದು ತರಗತಿಗೆ ಇಬ್ಬರು ಶಿಕ್ಷಕರು. ಮಳೆ ರಜೆ, ಕೈಲ್ ಪೊಳ್ದ್, ಪುತ್ತರಿ ಹಬ್ಬಗಳು, ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಕುಯ್ಲಿನ ಗೈರುಹಾಜರಿ ಕಳೆದರೆ ನೆಮ್ಮದಿಯಾಗಿ ಸಿಗುವುದು 20 ವಾರ. ಐದು ಗುಣ ಆರಿಸಿಕೊಂಡು ಒಂದೊಂದಕ್ಕೆ ನಾಲ್ಕು ವಾರ ಕೊಡಿ, 4 ಮತ್ತು 5ನೇ ತರಗತಿಗಳನ್ನು ಸೇರಿಸಿ ಕೂರಿಸಿ. ಬ್ಯಾಗ್ ಇಲ್ಲದ ಸಂಭ್ರಮ ಶನಿವಾರಗಳಲ್ಲಿ ಉದ್ದನೆಯ ಚರ್ಚೆ ಇಟ್ಟುಕೊಳ್ಳಬಹುದು. ಗುಣಕ್ಕೆ 1ರಿಂದ 5ರವರೆಗೆ ಅಂಕ ಕೊಡುವ, ಕೈಪಿಡಿಯ ಹಿಂದಿನ ಪುಟಗಳನ್ನು ಪಿನ್ ಹೊಡೆದು ಮುಚ್ಚಿಬಿಡಿ.

ಮಾರುವವರು ‘ಒಂದೇ ವರ್ಷದಲ್ಲಿ ಬದಲಾವಣೆ’ ಎಂದು ಹೇಳಿದರೆ ನಂಬಬೇಕಿಲ್ಲ. ಅಮೆರಿಕದ ಶಿಕ್ಷಣ ಇಲಾಖೆಯ ಸಂಶೋಧನಾ ಸಂಸ್ಥೆ ಇಂಥ ಏಳು ಕಾರ್ಯಕ್ರಮಗಳನ್ನು ಮೂರು ವರ್ಷ ಪರೀಕ್ಷಿಸಿ 2010ರಲ್ಲಿ ವರದಿ ಕೊಟ್ಟಿತು; ಒಟ್ಟಾರೆ ನೋಡಿದರೆ ಮಕ್ಕಳ ನಡತೆಯಲ್ಲಿ ಸುಧಾರಣೆ ಕಾಣಲಿಲ್ಲ. ಅವು ನಮ್ಮ ಪೆಟ್ಟಿಗೆಗಿಂತ ಎಷ್ಟೋ ಹೆಚ್ಚು ತರಬೇತಿ, ಖರ್ಚು ಇದ್ದ ಕಾರ್ಯಕ್ರಮಗಳು.

ಕೊಳ್ಳಲೇಬೇಕೆಂದಿದ್ದರೆ ಪೂರ್ತಿ ಪೆಟ್ಟಿಗೆ ಬೇಡ, ಕಾರ್ಡುಗಳನ್ನು ಬಿಡಿಯಾಗಿ ಕೇಳಿ. ಕೊಡುವುದಿಲ್ಲ ಎಂದರೆ ಸ್ಟಿಕ್ಕರ್, ಡೈರಿಗಳ ಬದಲು ಇನ್ನೊಂದು ಸೆಟ್ ಕಾರ್ಡು ಕೊಡುತ್ತಾರಾ ಎಂದು ವಿಚಾರಿಸಿ, ಕೆಲವರು ಒಪ್ಪುತ್ತಾರೆ. ದುಡ್ಡು ಕೊಡುವ ಮೊದಲು ಯಾವುದಾದರೂ ಹತ್ತು ಕಾರ್ಡು ತೆಗೆದು ಕೊನೆಯ ನಾಲ್ಕು ಸಾಲು ಓದಿ. ಏಳರಲ್ಲಿ ಶಿಕ್ಷೆ ಇದ್ದರೆ ಆ ಸೆಟ್ ಬಿಡಿ. ದಾನಿಗಳು ಕೊಡುವುದಾದರೆ, ಒಂದು ಮರದ ಶೆಲ್ಫ್, ಎರಡು ಡಬ್ಬಿ, 500 ರೂಪಾಯಿಯ ಸಾಮಾನು, 50 ರೂಪಾಯಿಯ ಚಿಲ್ಲರೆ ಕೇಳಿ ತೆಗೆದುಕೊಳ್ಳಿ. ಮಳೆ ಹಿಡಿಯುವ ಮೊದಲು ತಂದರೆ ಅಕ್ಟೋಬರ್‌ವರೆಗೆ ನೋಟ್‌ಬುಕ್ ಒಣಗಿದ ಜಾಗದಲ್ಲಿ ಇಡುವ ವ್ಯವಸ್ಥೆ ಮಾಡಿಕೊಳ್ಳಬೇಕು. ಇಲ್ಲವಾದರೆ ಅಂಗಡಿಯನ್ನು ದಸರಾ ರಜೆ ಮುಗಿದ ಮೇಲೆಯೇ ತೆರೆಯುವುದು ಸುಲಭ.